ಲಾಂಚೋ, ಹಡಗೋ?

ಸಿಯಾಟಲ್‌ನ ಮಾರ್ಚ್ ಅಂದರೆ ಜಿಟಿಜಿಟಿ ಮಳೆ. ಅಮ್ಮ ಊರಿಂದ ಬಂದು ಎರಡು ವಾರವಾಗಿತ್ತು. ಆಗಸ್ಟ್ ಕೊನೆಯವರೆಗೆ ಇರುವವಳು. ಶರಾವತಿ ಹಿನ್ನೀರಿನಾಚೆ ತುಮರಿ ಕಡೆಯ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಭೂಗೋಳ ಪಾಠ ಮಾಡಿದವಳು. ಹಿಮನದಿ, ಫ್ಯೋರ್ಡ್ ಎಂದು ಕರಿಹಲಗೆಯ ಮೇಲೆ ಬರೆದು ಅಳಿಸಿದ್ದಕ್ಕೆ ಲೆಕ್ಕವಿಲ್ಲ, ಕಣ್ಣಾರೆ ಒಂದನ್ನೂ ಕಂಡಿಲ್ಲ. ಈ ಬೇಸಿಗೆಯಲ್ಲಿ ಅವಳಿಗೆ ಅಲಾಸ್ಕಾ ತೋರಿಸಿಯೇ ಕಳಿಸಬೇಕೆಂದು ನನ್ನವರು ತೀರ್ಮಾನಿಸಿದ್ದರು. ಅಮ್ಮನನ್ನು ಕೇಳಿರಲಿಲ್ಲ. ಶನಿವಾರ ಸಂಜೆ ಅವರು ಲ್ಯಾಪ್‌ಟಾಪ್ ತೆರೆದರು, ಅಮ್ಮ ಲೈಬ್ರರಿಯಿಂದ ತಂದ ಭೂಪಟದ ಪುಸ್ತಕ ತೆರೆದಳು. ನಾನು ಬಟಾಣಿ ಸುಲಿಯುತ್ತ ಕೂತೆ.

ಅಳಿಯ: ಏಳು ರಾತ್ರಿ, ಅತ್ತೆ. ಇಲ್ಲೇ ಸಿಯಾಟಲ್‌ನಲ್ಲಿ ಹತ್ತೋದು, ಇಲ್ಲೇ ಬಂದು ಇಳಿಯೋದು. ಕೆಚಿಕನ್, ಜೂನೋ, ಸ್ಕ್ಯಾಗ್‌ವೇ, ಮಧ್ಯೆ ಒಂದಿಡೀ ದಿನ ಗ್ಲೇಸಿಯರ್ ಬೇ. ಪೆಟ್ಟಿಗೆ ಒಂದೇ ಸಲ ಬಿಚ್ಚಿದ್ರೆ ಆಯ್ತು. ಹೋಟೆಲೇ ನಮ್ಮ ಜೊತೆ ಬರುತ್ತೆ.

ಅತ್ತೆ: ಹೋಟೆಲ್ ಜೊತೇಲೇ ಬಂದ್ರೆ ಹೊರಗೆ ಹೋದ ಹಾಗೇ ಆಗೋದಿಲ್ವಲ್ಲ. ಎಷ್ಟು ಜನ ಹಿಡಿಸ್ತಾರೆ ಅದರಲ್ಲಿ?

ಅಳಿಯ: ಮೂರು ಸಾವಿರ, ನಾಲ್ಕು ಸಾವಿರ. ಕೆಲಸದವರು ಬೇರೆ.

ಅತ್ತೆ: ಒಂದು ಸಣ್ಣ ಹೋಬಳೀನೇ ನೀರಿಗಿಳಿಸಿದ ಹಾಗಾಯ್ತು.

ಅಳಿಯ: ದೊಡ್ಡದಾದಷ್ಟೂ ಅಲುಗಾಟ ಕಮ್ಮಿ. ನಿಮ್ಮ ಮಂಡಿ ಕತೆ ನನಗೆ ಗೊತ್ತು. ಲಿಫ್ಟ್ ಇದೆ, ಡಾಕ್ಟರ್ ಇದಾರೆ, ಮೊದಲೇ ಹೇಳಿಟ್ರೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೇನೂ ಮಾಡಿಕೊಡ್ತಾರೆ. ಬಾಲ್ಕನಿ ಇರೋ ಕೋಣೆ ಹಿಡಿದ್ರೆ ಕಂಬಳಿ ಹೊದ್ದು ಕೂತಲ್ಲೇ ಹಿಮನದಿ. ಗ್ಲೇಸಿಯರ್ ಬೇ ಒಳಗೆ ಮಾರ್ಜರಿ ಅಂತ ಒಂದಿದೆ, ಒಂದು ಮೈಲಿ ಅಗಲ, ನೀರಿನ ಮೇಲೆ ಕಾಣೋ ಗೋಡೆಯೇ 250 ಅಡಿ.

ಅತ್ತೆ: ಜೋಗ 830 ಅಡಿ.

ಅಳಿಯ: ಜೋಗದಲ್ಲಿ ಬೀಳೋದು ನೀರು, ಅತ್ತೆ. ಇಲ್ಲಿ ಗೋಡೆಯೇ ಕಳಚಿ ಬೀಳುತ್ತೆ. ಬಿದ್ದದ್ದು ಮೊದಲು ಕಾಣುತ್ತೆ, ಸದ್ದು ಒಂದೆರಡು ಕ್ಷಣ ಬಿಟ್ಟು ಬರುತ್ತೆ. ಅಲ್ಲಿನ ಟ್ಲಿಂಗಿಟ್ ಜನ ಅದಕ್ಕೆ ಬಿಳಿ ಗುಡುಗು ಅಂತಾರಂತೆ.

ಅತ್ತೆ: ಇಂಗ್ಲಿಷಿನವರು ಹಿಮನದಿ ಕರು ಹಾಕ್ತು ಅಂತಾರೆ. ಇದನ್ನ ಹೇಳಿದಾಗಲೆಲ್ಲ ಕ್ಲಾಸಿಗೆ ಕ್ಲಾಸೇ ನಗ್ತಿತ್ತು. ಬಿಳಿ ಗುಡುಗೇ ವಾಸಿ. ಆದ್ರೆ ಆ ಹೆಸರಿಟ್ಟವರ ಊರು ಎಲ್ಲಿತ್ತು ಗೊತ್ತಾ ನಿಮಗೆ?

ಅಳಿಯ: ಹೂನಾದಲ್ಲಿ. ಕೆಲವು ಹಡಗು ಅಲ್ಲೂ ನಿಲ್ಲುತ್ತೆ.

ಅತ್ತೆ: ಅದು ಆಮೇಲೆ ಹೋಗಿ ಸೇರಿಕೊಂಡ ಊರು. ಮೊದಲು ಇದ್ದದ್ದು ಆ ಕೊಲ್ಲಿಯ ಒಳಗೇ. ಆಗ ಅದು ಕೊಲ್ಲಿಯೂ ಅಲ್ಲ, ಹೊಳೆ ಹರಿಯೋ ಬಯಲು. ಹಿಮ ಮುಂದಕ್ಕೆ ಬಂತು. ನಾಯಿ ಓಡೋ ವೇಗದಲ್ಲಿ ಬಂತು ಅಂತ ಅವರ ಹಿರಿಯರು ಹೇಳ್ತಾರಂತೆ. ಮನೆಮಠ ಬಿಟ್ಟು ದೋಣಿ ಹತ್ತಿದರು. 1794ರಲ್ಲಿ ಬ್ರಿಟಿಷ್ ನಾವಿಕ ವ್ಯಾಂಕೂವರನ ಕಡೆಯವರು ಅಳತೆಗೆ ಬಂದಾಗ ಕಂಡದ್ದು ಹಿಮದ ಗೋಡೇಲಿ ಐದು ಮೈಲಿಯ ಒಂದು ಕಚ್ಚು, ಅಷ್ಟೆ. 1879ರಲ್ಲಿ ನಿಸರ್ಗ ಲೇಖಕ ಜಾನ್ ಮ್ಯೂರ್ ಟ್ಲಿಂಗಿಟ್ ಜನರ ದೋಣೀಲಿ ಬರೋ ಹೊತ್ತಿಗೆ ಹಿಮ 30 ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ಕೊಲ್ಲಿ 65 ಮೈಲಿ ಉದ್ದ. ನೀವು ಬಾಲ್ಕನೀಲಿ ಕೂತು ಕಾಫಿ ಕುಡೀತಾ ದಾಟೋದು ಒಬ್ಬರ ಮುಳುಗಡೆ ಊರನ್ನ.

ಮುಳುಗಡೆ ಎಂಬ ಮಾತು ಅಮ್ಮನ ಬಾಯಲ್ಲಿ ಸುಮ್ಮನೆ ಬರುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದ 1964ರಲ್ಲಿ ಅವಳಿಗೆ ಐದು ವರ್ಷ. ಅವಳ ಅಜ್ಜನ ಮನೆ ಈಗಲೂ ನೀರಿನ ಕೆಳಗಿದೆ. ಇವರು ಸ್ವಲ್ಪ ಹೊತ್ತು ಮೌಸ್ ಮುಟ್ಟಲಿಲ್ಲ.

ಅಳಿಯ: ಹಾಗಂತ ಯಾರೂ ಹೋಗಬಾರದಾ? ಅದೇ ಜನ 2016ರಲ್ಲಿ ಕೊಲ್ಲಿಯ ಬಾಯಲ್ಲಿ, ಬಾರ್ಟ್‌ಲೆಟ್ ಕೋವ್‌ನಲ್ಲಿ, ತಮ್ಮ ಕುಲದ ಮನೆ ಕಟ್ಟಿಕೊಂಡ್ರು, ರಾಷ್ಟ್ರೀಯ ಉದ್ಯಾನದವರ ಜೊತೆ ಸೇರಿ. ಹೂನಾದ ಹಡಗುಕಟ್ಟೆ ಅವರದೇ ಕಂಪನಿಯದು. 1912ರ ಹಳೇ ಸಾಮನ್ ಮೀನಿನ ಕಾರ್ಖಾನೆ, ಅದನ್ನೇ ಸರಿಮಾಡಿ 2004ರಲ್ಲಿ ಪ್ರವಾಸಿಗಳಿಗೆ ತೆರೆದ್ರು. ಬನ್ನಿ ಅಂತ ಅವರೇ ಕರೀತಿರುವಾಗ ಅವರ ಪರವಾಗಿ ನೀವು ಬೇಡ ಅಂದ್ರೆ ಹೇಗೆ?

ಅತ್ತೆ: ಬೇಡ ಅನ್ನಲಿಲ್ಲ. ಗೊತ್ತಿದ್ದು ಹೋಗಬೇಕು ಅಂದೆ. ಹಡಗಲ್ಲಿ ಇದನ್ನೆಲ್ಲ ಯಾರಾದ್ರೂ ಹೇಳ್ತಾರಾ, ಇಲ್ಲಾ ಬಿಂಗೋ ಆಡಿಸ್ತಾರಾ?

ಅಳಿಯ: ಎರಡೂ. ಕೊಲ್ಲಿಯ ಬಾಯಲ್ಲಿ ಸಣ್ಣ ದೋಣೀಲಿ ಬಂದು ಉದ್ಯಾನದ ರೇಂಜರ್‌ಗಳು ಏಣಿ ಹತ್ತಿ ಹಡಗಿಗೆ ಬರ್ತಾರೆ, ದಿನವಿಡೀ ವಿವರಿಸ್ತಾರೆ. ದಿನಕ್ಕೆ ಎರಡೇ ದೊಡ್ಡ ಹಡಗಿಗೆ ಅಪ್ಪಣೆ. ಜಾನ್ಸ್ ಹಾಪ್‌ಕಿನ್ಸ್ ಅನ್ನೋ ಕವಲಲ್ಲಿ ಸೀಲ್‌ಗಳು ತೇಲೋ ಹಿಮದ ಮೇಲೆ ಮರಿ ಹಾಕುತ್ವೆ ಅಂತ ಮೇ ತಿಂಗಳಿಂದ ಆಗಸ್ಟ್ ಕೊನೆವರೆಗೆ ಆ ಕಡೆ ಬಿಡೋದೇ ಇಲ್ಲ. ಎಲ್ಲ ಹಡಗಿಗೂ ಗ್ಲೇಸಿಯರ್ ಬೇ ಪರವಾನಗಿ ಸಿಗಲ್ಲ ಅತ್ತೆ. ಅದು ಇದೆಯಾ ಅಂತ ನೋಡೇ ನಾನು ಆರಿಸಿದ್ದು. ಇಲ್ಲದವರು ಹಬ್ಬರ್ಡ್ ಹಿಮನದಿ ಕಡೆ ಕರ್ಕೊಂಡು ಹೋಗ್ತಾರೆ, ಮೊದಲು ಟ್ರೇಸಿ ಆರ್ಮ್‌ಗೂ ಹೋಗ್ತಿದ್ರು.

ಅತ್ತೆ: ಟ್ರೇಸಿ ಆರ್ಮ್‌ನಲ್ಲಿ 2025ರ ಆಗಸ್ಟ್‌ನಲ್ಲಿ ಗುಡ್ಡವೇ ಜಾರಿ ನೀರಿಗೆ ಬಿತ್ತಲ್ಲ. ಬೆಳಗಿನ ಜಾವ ಆಗಿದ್ದು ಪುಣ್ಯ. ಹಿಮ ಹಿಂದಕ್ಕೆ ಹೋದಮೇಲೆ ಗುಡ್ಡಕ್ಕೆ ಒರಗಿಕೊಳ್ಳೋಕೆ ಏನೂ ಉಳಿಯಲ್ಲ. 1958ರಲ್ಲಿ ಲಿಟುಯಾ ಕೊಲ್ಲೀಲಿ ಭೂಕಂಪಕ್ಕೆ ಹೀಗೇ ಕುಸಿದು, ನೀರು ಎದುರು ಗುಡ್ಡದ ಮೇಲೆ 524 ಮೀಟರ್ ಎತ್ತರದವರೆಗೆ ನುಗ್ಗಿ ಕಾಡು ಗೋರಿಕೊಂಡು ಹೋಯ್ತು. ಪ್ರತಿ ವರ್ಷ ಹೇಳ್ತಿದ್ದ ಪಾಠ ಅದು.

ಅಳಿಯ: ಹೆದರಿಸಬೇಡಿ. ಇವಳು ಬರಲ್ಲ ಅಂದುಬಿಡ್ತಾಳೆ.

ನಾನು ಬಟಾಣಿ ಬಿಟ್ಟು ತಲೆ ಎತ್ತಲಿಲ್ಲ.

ಅಳಿಯ: ನನ್ನ ಲೆಕ್ಕ ಸರಳ. ಇದೆಲ್ಲ ಕರಗಿ ಹೋಗೋ ಮುಂಚೆ ಮಗೂಗೆ ಒಂದು ಸಲ ತೋರಿಸಬೇಕು.

ಅತ್ತೆ: ಹಾಸಿಗೆ ಹಿಡಿದವರನ್ನ ನೋಡೋಕೆ ಹೋಗಿ, ಅವರ ತಲೆದಿಂಬಿನ ಪಕ್ಕ ಬೀಡಿ ಹಚ್ಚಿದ ಹಾಗೆ. ಅಷ್ಟು ದೊಡ್ಡ ಹಡಗು ಏನು ಉರಿಸುತ್ತೆ, ಸೌದೇನಾ?

ಅಳಿಯ: ನೀವು ಬೆಂಗಳೂರಿಂದ ಇಲ್ಲಿಗೆ ಬಂದದ್ದು ವಿಮಾನದಲ್ಲೇ ಅಲ್ವಾ?

ಅತ್ತೆ: ಅದು ಮೊಮ್ಮಗಳನ್ನ ನೋಡೋಕೆ.

ಅಳಿಯ: ಯಾಕೆ ಬಂದ್ರಿ ಅಂತ ಹೊಗೆ ಕೇಳಲ್ಲ ಅತ್ತೆ.

ಅಮ್ಮ ಅವಲಕ್ಕಿ ಬಟ್ಟಲನ್ನು ಹತ್ತಿರ ಎಳೆದುಕೊಂಡಳು. ಉತ್ತರ ಹೊಳೆಯದಾಗ ಅವಳು ತಿನ್ನುತ್ತಾಳೆ. ಎರಡು ಚಮಚ ಆದಮೇಲೆ ಬೇರೆ ದಾರಿ ಹಿಡಿದಳು.

ಅತ್ತೆ: ಎಲ್ಲ ಹಿಮನದಿಯೂ ಸಾಯ್ತಿದೆ ಅಂತ ನಿಮ್ಮ ಜಾಹೀರಾತಿನವರು ಹೇಳಿದ್ರೆ ನಂಬಬೇಡಿ. ಹಬ್ಬರ್ಡ್ ಮುಂದಕ್ಕೆ ಬರ್ತಿದೆ. 1986ರಲ್ಲಿ ಒಂದು ಸಲ, 2002ರಲ್ಲಿ ಇನ್ನೊಂದು ಸಲ, ರಸೆಲ್ ಫ್ಯೋರ್ಡಿನ ಬಾಯಿಗೆ ಅಡ್ಡ ಕೂತು ಸಮುದ್ರದ ತುಂಡನ್ನೇ ಕೆರೆ ಮಾಡಿತ್ತು. ಸಮುದ್ರಕ್ಕಿಳಿಯೋ ಹಿಮನದಿಗೆ ಅದರದೇ ಲೆಕ್ಕ ಇರುತ್ತೆ. ತನ್ನ ಮುಂದೆ ತಾನೇ ತಳ್ಳಿಕೊಂಡು ಬಂದ ಕಲ್ಲುಮಣ್ಣಿನ ದಿಬ್ಬದ ಮೇಲೆ ಕಾಲೂರಿ ನಿಂತಿರೋವರೆಗೆ ಗಟ್ಟಿ; ದಿಬ್ಬ ತಪ್ಪಿ ಆಳದ ನೀರಿಗೆ ಬಂತೋ, ಕುಸೀತಾ ಹೋಗುತ್ತೆ. ಗ್ಲೇಸಿಯರ್ ಬೇಲಿ ಹಿಮ ಹಿಂದೆ ಸರಿಯೋಕೆ ಶುರುವಾದದ್ದು ನಿಮ್ಮ ಕಾರು ವಿಮಾನ ಬರೋದಕ್ಕೂ ಮುಂಚೆ.

ಅಳಿಯ: ಅಂದ್ರೆ ಭೂಮಿ ಬಿಸಿಯಾಗ್ತಿರೋದು ಸುಳ್ಳು ಅಂತೀರಾ?

ಅತ್ತೆ: ಎಲ್ಲಾದರೂ ಉಂಟೇ! ಜೂನೋ ಪಕ್ಕದ ಮೆಂಡೆನ್‌ಹಾಲ್ ನೋಡಿ. ಅದು ಹಿಂದೆ ಸರಿದು ಅದರ ಮುಂದೆ ಈಗ ದೊಡ್ಡ ಕೆರೆ. ಮೇಲಿನ ಒಂದು ಕಣಿವೇಲಿ ನೀರು ಕಟ್ಟಿ, ಹಿಮದ ತಡೆ ಒಡೆದು, 2023ರಲ್ಲೂ 2024ರಲ್ಲೂ ಊರಿನ ಮನೆಗಳಿಗೆ ನುಗ್ಗಿತು. ಎರಡೂ ನಿಜ. ಅದಕ್ಕೇ ಅದು ಪಾಠ. ಬಾಲ್ಕನಿ ಫೋಟೋಕ್ಕೆ ಸಿಗಲ್ಲ ಅಂದೆ. ಇನ್ನೊಂದು ಗೊತ್ತಾ? ಹಿಮದ ಹೊರೆ ಇಳಿದಮೇಲೆ ಆ ಸೀಮೆಯ ನೆಲ ವರ್ಷಕ್ಕೆ ಸುಮಾರು ಒಂದು ಇಂಚು ಮೇಲೇಳ್ತಾ ಇದೆ. ಹುಲ್ಲಿನ ಹೊರೆ ಇಳಿಸಿ ಬೆನ್ನು ನೆಟ್ಟಗೆ ಮಾಡ್ಕೊಂಡ ಹಾಗೆ.

ಇದನ್ನು ಹೇಳುವಾಗ ಅವಳ ಮುಖದಲ್ಲಿ ಬಂದ ಬೆಳಕು ನೋಡಿ ಇವರಿಗೆ ಧೈರ್ಯ ಬಂತು. ಹೋಗಲು ಮನಸ್ಸಿದೆ, ಜಗಳ ಹಡಗಿನ ಬಗ್ಗೆ ಮಾತ್ರ ಎಂದು ಗೊತ್ತಾಯಿತು.

ಅಳಿಯ: ಸರಿ, ದೊಡ್ಡ ಹಡಗಿನ ಮೇಲೆ ಅಷ್ಟೊಂದು ಸಿಟ್ಟು ಯಾಕೆ?

ಅತ್ತೆ: ಸಿಟ್ಟಲ್ಲ, ಅನುಭವ. ನಾನು ಹೊಳೆಬಾಗಿಲಲ್ಲಿ ಹಿನ್ನೀರು ದಾಟಿಸೋ ಲಾಂಚಿಗೆ ಕಾದವಳು. ನಮಗೆ ಅದೊಂದೇ ದಾರಿ: ಹಾಲು, ಬಾಣಂತಿ, ಪರೀಕ್ಷೆ ಪೇಪರು, ಎಲ್ಲ ಅದರಲ್ಲೇ. ಸಿಗಂದೂರಿನ ದೇವಸ್ಥಾನಕ್ಕೆ ಜನ ಹೆಚ್ಚಾದ ಹಾಗೆ ಶನಿವಾರ ಭಾನುವಾರ ಕಾರುಗಳ ಸಾಲು ದಡದುದ್ದಕ್ಕೂ. ಊರವರೇ ಮುಂದಿನ ಲಾಂಚಿಗೆ ಕಾಯಬೇಕು. ಬಂದವರು ಕೆಟ್ಟವರಲ್ಲ, ಭಕ್ತಿಯಿಂದ ಬಂದವರು. ಆದ್ರೂ ಒಂದು ದಿನ ಜ್ವರ ಬಂದ ಮಗೂನ ಎತ್ತಿಕೊಂಡು ಒಬ್ಬಳು ದಡದಲ್ಲಿ ನಿಂತಿದ್ದು, ನಾನೂ ಅವಳ ಪಕ್ಕ ನಿಂತಿದ್ದು ಮರೆಯಲ್ಲ. ಈಗ ಸೇತುವೆ ಆಗಿದೆ, ಬಿಡಿ. ಸ್ಕ್ಯಾಗ್‌ವೇಲಿ ಜನ ಎಷ್ಟು?

ಅಳಿಯ: ಸಾವಿರದ ಇನ್ನೂರರ ಆಸುಪಾಸು.

ಅತ್ತೆ: ಹಡಗುಗಳು ಬಂದ ದಿನ?

ಅಳಿಯ: ...ಹತ್ತು ಸಾವಿರ ದಾಟೋ ದಿನಗಳಿವೆ.

ಅತ್ತೆ: ಅದನ್ನೇ ಕೇಳಿದ್ದು.

ಅಳಿಯ: ಆ ಊರು ಹುಟ್ಟಿದ್ದೇ ಬಂದು ಹೋಗುವವರಿಂದ, ಅತ್ತೆ. 1897-98ರ ಚಿನ್ನದ ಹುಚ್ಚಿಗೆ ಸಾವಿರಾರು ಜನ ಅಲ್ಲಿಳಿದು ಬೆಟ್ಟ ಹತ್ತಿದ್ರು. ವರ್ಷಕ್ಕಾಗೋ ದಿನಸಿ ಹೊತ್ತು ತಂದವರನ್ನಷ್ಟೇ ಕೆನಡಾ ಪೊಲೀಸರು ಗಡಿ ದಾಟೋಕೆ ಬಿಡ್ತಿದ್ರು. 1900ರಲ್ಲಿ ರೈಲು ಮುಗೀತು, ಚಿನ್ನ ತೀರಿತು, ಈಗ ಆ ರೈಲು ಓಡ್ತಿರೋದು ನಮ್ಮಂಥವರಿಂದ. ಗ್ಲೇಸಿಯರ್ ಬೇಗೆ ಪ್ರವಾಸಿ ಸ್ಟೀಮರ್ ಹೋಗಿದ್ದು 1883ರಲ್ಲಿ. ಇದೇನು ನಿನ್ನೆ ಮೊನ್ನೆ ಶುರುವಾದದ್ದಲ್ಲ. ಜೂನೋ ನೋಡಿ, 32 ಸಾವಿರ ಜನರ ಊರು, ವರ್ಷಕ್ಕೆ 16 ಲಕ್ಷಕ್ಕೂ ಹೆಚ್ಚು ಹಡಗಿನ ಪ್ರವಾಸಿಗಳು. ಶನಿವಾರ ಹಡಗೇ ಬೇಡ ಅಂತ 2024ರ ಅಕ್ಟೋಬರ್‌ನಲ್ಲಿ ಮತಕ್ಕೆ ಹಾಕಿದ್ರು. ಬಿದ್ದುಹೋಯ್ತು. ಊರವರೇ ಹಡಗು ಬರಲಿ ಅಂದ್ರು.

ಅತ್ತೆ: ಮತಕ್ಕೆ ಹಾಕಬೇಕಾಗಿ ಬಂತಲ್ಲ, ಅದನ್ನೂ ನೋಡಿ.

ಅಳಿಯ: ನೋಡಿದೀನಿ. ದಿನಕ್ಕೆ ಐದೇ ದೊಡ್ಡ ಹಡಗು ಅಂತ ಮಿತಿ ಇದೆ. 2026ರಿಂದ ಜನರ ಲೆಕ್ಕದಲ್ಲೂ ಮಿತಿ: ದಿನಕ್ಕೆ 16,000, ಶನಿವಾರ 12,000. ಪ್ರವಾಸಿ ಹಡಗು ಕಟ್ಟೆಗೆ ಬಂದಮೇಲೆ ಎಂಜಿನ್ ಆರಿಸಿ ದಡದ ಕರೆಂಟು ತಗೊಳ್ಳೋ ವ್ಯವಸ್ಥೆ ಪ್ರಪಂಚದಲ್ಲೇ ಮೊದಲು ಬಂದದ್ದು ಜೂನೋದಲ್ಲಿ, 2001ರಲ್ಲಿ.

ಅತ್ತೆ: ಎಲ್ಲ ಕಟ್ಟೇಲೂ ಇದೆಯಾ?

ಅಳಿಯ: ಎಲ್ಲದರಲ್ಲೂ ಇಲ್ಲ.

ಅಮ್ಮ ಪುಸ್ತಕದ ನಡುವೆ ಮಡಚಿಟ್ಟಿದ್ದ ಒಂದು ಹಾಳೆ ತೆಗೆದಳು. ನನಗೂ ತೋರಿಸಿರದ ಹಾಳೆ.

ಅತ್ತೆ: ಇಲ್ಲಿಂದ ಉತ್ತರಕ್ಕೆ ತೊಂಬತ್ತು ಮೈಲಿ, ಬೆಲ್ಲಿಂಗ್‌ಹ್ಯಾಮ್. ಅಲ್ಲಿಂದ ಅಲಾಸ್ಕಾ ಸರ್ಕಾರದ ಫೆರಿ ಹೊರಡುತ್ತೆ. 1963ರಿಂದ ಇರೋ ಸರ್ವೀಸು. ಅವರು ಅದನ್ನ ಸಮುದ್ರದ ಹೆದ್ದಾರಿ ಅಂತಾನೇ ಕರೆಯೋದು. ಕೆಚಿಕನ್, ರಾಂಗೆಲ್, ಪೀಟರ್ಸ್‌ಬರ್ಗ್, ಜೂನೋ, ಹೇನ್ಸ್, ಸ್ಕ್ಯಾಗ್‌ವೇ. ಜೂನೋಗೆ ಹೊರಗಿಂದ ರಸ್ತೇನೇ ಇಲ್ಲವಂತೆ, ಸೇತುವೆ ಆಗೋ ಮುಂಚಿನ ನಮ್ಮ ತುಮರಿ ಹಾಗೆ. ಶಾಲೆ ಮಕ್ಕಳು ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಇದರಲ್ಲೇ ಹೋಗೋದು. ಲಾಂಚೇ ಸೈ, ಸ್ವಲ್ಪ ದೊಡ್ಡದು. ಕೋಣೆ ಬೇಡ ಅಂದವರು ಮೇಲೆ ಡೆಕ್ಕಲ್ಲಿ ಟೆಂಟ್ ಹಾಕಿ ಮಲಗ್ತಾರೆ.

ಅಳಿಯ: ಅತ್ತೆ, ನಿಮಗೆ ಅರವತ್ತಾರು.

ಅತ್ತೆ: ಟೆಂಟ್ ನಿಮಗೆ. ನನಗೆ ಕೋಣೆ.

ಅಳಿಯ: ಮೂವತ್ತೆಂಟು ಗಂಟೆ ಬರೀ ಕೆಚಿಕನ್‌ವರೆಗೆ. ಊರು ಬಂದಾಗ ರಾತ್ರಿ ಎರಡು ಗಂಟೆ ಆಗಿದ್ರೆ ಎರಡು ಗಂಟೆಗೇ ಇಳೀಬೇಕು, ಪೆಟ್ಟಿಗೆ ನಾವೇ ಹೊರಬೇಕು, ಹೋಟೆಲ್ ಹುಡುಕಬೇಕು. ಕೊಲಂಬಿಯಾ ಅನ್ನೋ ಫೆರಿ 1974ರದ್ದು, ನನಗಿಂತ ಹಳೇದು. ಮುಖ್ಯ ಅಂದ್ರೆ ಫೆರಿ ಗ್ಲೇಸಿಯರ್ ಬೇ ಒಳಗೆ ಹೋಗೋದೇ ಇಲ್ಲ. ಇಷ್ಟೆಲ್ಲ ಪಾಠ ಮಾಡಿ ಕೊನೆಗೆ ಮಾರ್ಜರಿ ನೋಡದೇ ಬರ್ತೀರಾ?

ಅತ್ತೆ: ಅದಕ್ಕೂ ದಾರಿ ಇದೆ. ಜೂನೋದಿಂದ ಗಸ್ಟೇವಸ್‌ಗೆ ಹೋಗೋದು. ಮೇಲೇಳ್ತಿರೋ ನೆಲ ಅಂದ್ನಲ್ಲ, ಆ ಊರು ಅದೇ. ಅಲ್ಲಿಂದ ಬಾರ್ಟ್‌ಲೆಟ್ ಕೋವ್. ಬೆಳಗ್ಗೆ ಹೊರಟು ಸಂಜೆ ವಾಪಸ್ ಬರೋ ಸಣ್ಣ ಬೋಟು ಮಾರ್ಜರಿವರೆಗೂ ಕರ್ಕೊಂಡು ಹೋಗುತ್ತೆ. ದೊಡ್ಡ ಹಡಗಿನವರು ಆ ಕುಲದ ಮನೇನ ದೂರದಿಂದ ನೋಡ್ತಾರೆ. ಹೀಗೆ ಹೋದ್ರೆ ಅದರ ಬಾಗಿಲಿಗೇ ಹೋಗಬಹುದು.

ಅಳಿಯ: ಎಷ್ಟು ಸಲ ಹತ್ತಿ ಇಳೀಬೇಕು ಲೆಕ್ಕ ಹಾಕಿದೀರಾ? ಆರು ಸಲ. ನಾಲ್ಕು ವರ್ಷದ ಮಗು ಬೇರೆ. ಒಂದು ಕಡೆ ಮಳೆಗೆ ತಡವಾದ್ರೆ ಹಿಂದಿನದ್ದೆಲ್ಲ ತಲೆಕೆಳಗು. ಖರ್ಚೂ ಕಮ್ಮಿ ಆಗಲ್ಲ.

ಅತ್ತೆ: ನಿಮ್ಮದರಲ್ಲಿ ಕಮ್ಮಿಯಾ? ಟಿಕೆಟ್ಟಿನ ಬೆಲೆ ನೋಡಿದೆ, ಅಗ್ಗವೇ. ಆಮೇಲೆ ಟಿಪ್ಸು ತಲೆಗೆ ದಿನಕ್ಕೆ 16ರಿಂದ 20 ಡಾಲರ್, ಇಂಟರ್ನೆಟ್ ಬೇರೆ, ತಿಮಿಂಗಿಲ ಬೇರೆ, ರೈಲು ಬೇರೆ. ಎಲೆ ಹಾಸಿದ್ದು ಧರ್ಮಕ್ಕೆ, ಬಡಿಸಿದ್ದಕ್ಕೆಲ್ಲ ಬಿಲ್ಲು.

ಅಳಿಯ: ಒಪ್ಪಿದೆ. ತಿಮಿಂಗಿಲದ ಟ್ರಿಪ್ಪು ಹಡಗಿನವರ ಹತ್ರ ಕೊಳ್ಳೋದು ಬೇಡ, ಜೂನೋದಲ್ಲಿ ಊರವರ ಬೋಟೇ ಹಿಡಿಯೋಣ. ಹಂಪ್‌ಬ್ಯಾಕ್‌ಗಳು ಹವಾಯಿಯಿಂದ ಬೇಸಿಗೆಗೆ ಅಲ್ಲಿಗೆ ಬರುತ್ವೆ, ಬೋಟಿನವರು ನೂರು ಗಜ ದೂರ ನಿಲ್ಲಬೇಕು ಅಂತ ಕಾನೂನು.

ಅತ್ತೆ: ಯಾವ ತಿಂಗಳು?

ಅಳಿಯ: ಮೇ ಆದ್ರೆ ಮಳೆ ಕಮ್ಮಿ, ಬೆಟ್ಟದ ಮೇಲೆ ಹಿಮ ಇನ್ನೂ ಇರುತ್ತೆ, ಜನಾನೂ ಕಮ್ಮಿ. ಜುಲೈ ಆದ್ರೆ ಸಾಮನ್ ಹೊಳೆ ಹತ್ತುತ್ತೆ, ಕರಡಿ ಕಾಣುತ್ತೆ, ರೇಟು ಜಾಸ್ತಿ. ಕೆಚಿಕನ್‌ನಲ್ಲಿ ಯಾವಾಗ ಹೋದ್ರೂ ಕೊಡೆ ಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ.

ಅತ್ತೆ: ಆಗುಂಬೆ ಪಕ್ಕದವಳಿಗೆ ಮಳೆ ಲೆಕ್ಕ ಹೇಳಬೇಡಿ. ಮೇನೇ ಆಗಲಿ. ಕೋಣೆ ಯಾವ ಮಗ್ಗುಲು?

ಅಳಿಯ: ಹೋಗುವಾಗ ಬಲಗಡೆ ದಡ. ಆದ್ರೆ ಹಿಮನದಿ ಎದುರು ಕ್ಯಾಪ್ಟನ್ ಹಡಗನ್ನ ನಿಧಾನಕ್ಕೆ ತಿರುಗಿಸ್ತಾನೆ, ಎರಡೂ ಮಗ್ಗುಲಿಗೂ ಕಾಣುತ್ತೆ.

ಅತ್ತೆ: ದಡ ಅಂದ್ರಿ, ಎಲ್ಲಿಯ ದಡ? ಇಲ್ಲಿ ನಿಮ್ಮ ನಕ್ಷೇಲಿ ಗೆರೆ ವ್ಯಾಂಕೂವರ್ ದ್ವೀಪದ ಹೊರಗಡೆ, ತೆರೆದ ಪೆಸಿಫಿಕ್‌ನಲ್ಲಿ ಹೋಗ್ತಿದೆಯಲ್ಲ. ದ್ವೀಪಗಳ ನಡುವಿನ ಒಳದಾರಿ ಅಂತ ಹೆಸರು ಹೇಳಿ ಹೊರದಾರೀಲಿ ಕರ್ಕೊಂಡು ಹೋಗೋದಾ?

ಇವರು ಕನ್ನಡಕ ಸರಿಮಾಡಿಕೊಂಡು ಪರದೆಗೆ ಬಗ್ಗಿದರು. ಗೆರೆ ನಿಜವಾಗಿಯೂ ಹೊರಗಡೆಯೇ ಇತ್ತು.

ಅಳಿಯ: ಸಿಯಾಟಲ್‌ನಿಂದ ಹೊರಡೋವು ಹೆಚ್ಚಾಗಿ ಹೀಗೇ. ಒಂದು ದಿನ ಅಲುಗುತ್ತೆ. ವ್ಯಾಂಕೂವರ್‌ನಿಂದ ಹತ್ತಿದ್ರೆ ದ್ವೀಪದ ಒಳಗಿನ ಕಾಲುವೇಲಿ ಹೋಗುತ್ತೆ. ಸೀಮೋರ್ ನ್ಯಾರೋಸ್ ಅಂತ ಇಕ್ಕಟ್ಟು, ಅಲ್ಲಿ ನೀರಿನಡಿ ರಿಪಲ್ ರಾಕ್ ಅನ್ನೋ ಬಂಡೆ ಹಡಗು ಮುಳುಗಿಸ್ತಿತ್ತು. 1958ರಲ್ಲಿ ಅದರ ಹೊಟ್ಟೆಗೆ ಸುರಂಗ ಕೊರೆದು ಸಿಡಿಸಿದ್ರು.

ಅತ್ತೆ: ಫೆರಿ ಹೋಗೋದು ಒಳದಾರೀಲೇ. ವಿಚಾರಿಸಿಕೊಂಡಿದೀನಿ.

ಅಳಿಯ: ಸರಿ, ನಾವೂ ವ್ಯಾಂಕೂವರ್‌ನಿಂದಲೇ ಹತ್ತೋಣ. ಮೂರು ಗಂಟೆ ಕಾರು.

ಆಗ ನಾನು ಬಾಯಿ ಬಿಟ್ಟೆ. ಬಿಡಬಾರದಿತ್ತೇನೋ. "ಅಮ್ಮಂಗೆ ಕೆನಡಾ ವೀಸಾ ಎಲ್ಲಿದೆ?" ಎಂದೆ.

ಬಟಾಣಿ ಪಾತ್ರೆಗೆ ಬೀಳುವ ಸದ್ದು ಕೇಳುವಷ್ಟು ಮೌನ.

ಅಳಿಯ: ಹಾಗಾದ್ರೆ ಸಿಯಾಟಲ್‌ನದ್ದೇ ಸರಿ. ಅಲುಗಿದ್ರೆ ಅಲುಗಲಿ.

"ಅದೂ ವಿಕ್ಟೋರಿಯಾದಲ್ಲಿ ನಿಲ್ಲುತ್ತೆ. ಕೊನೇ ರಾತ್ರಿ, ನೋಡಿ" ಎಂದೆ. ನಿಲ್ಲುತ್ತಿತ್ತು. ವಿಕ್ಟೋರಿಯಾ ಕೆನಡಾದ್ದು.

ಅತ್ತೆ: ಅಲಾಸ್ಕಾನೂ ಅಮೆರಿಕ, ಸಿಯಾಟಲೂ ಅಮೆರಿಕ. ಮಧ್ಯೆ ಕೆನಡಾಕ್ಕೆ ಯಾಕೆ ಹೋಗಬೇಕು ಅದು?

ಅಳಿಯ: 1886ರ ಒಂದು ಕಾನೂನು. ಬೇರೆ ದೇಶದ ಬಾವುಟದ ಹಡಗು ಬರೀ ಅಮೆರಿಕದ ಬಂದರುಗಳ ನಡುವೆ ಜನರನ್ನ ಸಾಗಿಸೋ ಹಾಗಿಲ್ಲ. ಈ ದೊಡ್ಡ ಹಡಗುಗಳೆಲ್ಲ ಬಹಾಮಾಸ್, ಪನಾಮಾ, ಬರ್ಮುಡಾ ಅಂತ ಬೇರೆ ಬೇರೆ ದೇಶದ ಬಾವುಟದವು. ಅದಕ್ಕೆ ಶಾಸ್ತ್ರಕ್ಕೊಂದು ವಿದೇಶಿ ಬಂದರು ಮುಟ್ಟಿ ಬರ್ತಾವೆ. ಸಂಜೆ ಹೋಗಿ ರಾತ್ರಿ ಹೊರಡುತ್ತೆ. ಹಡಗಲ್ಲೇ ಕೂತಿರ್ತೀನಿ ಅಂದ್ರೂ ಕೇಳಲ್ಲ, ವೀಸಾ ಇರಬೇಕು.

ಅತ್ತೆ: ನನ್ನ ಫೆರಿ?

ಅಳಿಯ: ...ಅದು ಅಮೆರಿಕದ ಬಾವುಟದ್ದು. ಬೆಲ್ಲಿಂಗ್‌ಹ್ಯಾಮಿಂದ ನೇರ ಕೆಚಿಕನ್.

ಅಮ್ಮ ಗೆದ್ದವಳ ಹಾಗೆ ಕಾಣಲಿಲ್ಲ. ಮೇಜಿನ ಕೆಳಗೆ ಮಂಡಿ ಒತ್ತಿಕೊಳ್ಳುತ್ತಿದ್ದಳು. ಮಳೆ ಬಂದಾಗ ನೋವು ಹೆಚ್ಚು, ಅವಳು ಹೇಳುವುದಿಲ್ಲ. ಇವರೂ ಅದನ್ನು ನೋಡಿದರು. ನೋಡಿಲ್ಲದವರ ಹಾಗೆ ಕೆನಡಾದ ಅರ್ಜಿ ಪುಟ ತೆರೆದರು. ಪಕ್ಕದ ಕಿಟಕಿಯಲ್ಲಿ ಫೆರಿಯ ವೇಳಾಪಟ್ಟಿ ಹಾಗೇ ತೆರೆದಿತ್ತು.

ಅಳಿಯ: ಇಲ್ಲಿಂದಲೇ ಹಾಕಬಹುದು. ಬೆರಳಚ್ಚು ಕೊಡಬೇಕು, ಸಿಗೋಕೆ ಎಷ್ಟು ದಿನವೋ. ಮೇ ತಪ್ಪಿದ್ರೆ ಜುಲೈ.

ಅತ್ತೆ: ಅರ್ಜಿ ಹಾಕಿದ ಮಾತ್ರಕ್ಕೆ ನಾನು ಹಡಗು ಒಪ್ಪಿದ ಹಾಗಲ್ಲ.

ಅಳಿಯ: ಗೊತ್ತು. ಹೆಸರು, ಹುಟ್ಟಿದ ತಾರೀಕು ಬರೆದೆ. ಹುಟ್ಟಿದ ಊರು?

ಅತ್ತೆ: ಅದು ಈಗ ಇಲ್ಲ. ಸಾಗರ ಅಂತ ಹಾಕಿ.

ಅಳಿಯ: ಕೆನಡಾಕ್ಕೆ ಭೇಟಿ ಕೊಡೋ ಉದ್ದೇಶ?

ಅತ್ತೆ: ಅಮೆರಿಕದ ಕಾನೂನು ಅಂತ ಬರೀರಿ.